ಸತ್ತವರ ಲೆಕ್ಕ ಆಮೇಲೆ, ಮೊದಲು ಕುಣಿಯಿರಿ

ನಮ್ಮ ಕಡೆಯ ಯಾವ ಸಮಾರಂಭಕ್ಕೆ ಹೋದರೂ ಒಂದು ಕ್ರಮವಿದೆ. ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ಕಟ್ಟಕಡೆಗೆ ವಂದನಾರ್ಪಣೆ. ಅಧ್ಯಕ್ಷರು ಎಷ್ಟೇ ಕೊರೆಯಲಿ, ಮೈಕು ಎಷ್ಟೇ ಕಿರುಚಲಿ, ಈ ಕ್ರಮ ಮಾತ್ರ ತಪ್ಪುವುದಿಲ್ಲ. ಹಾರ ಬಾಡಿದ ಮೇಲೆ ಯಾರೂ ಸ್ವಾಗತ ಕೋರುವುದಿಲ್ಲ.

ಮುಂಬಯಿಯವರು ಕೋರುತ್ತಾರೆ. 2017ರ ಡಿಸೆಂಬರ್ 22ರಂದು ತೆರೆಗೆ ಬಂದ ‘ಟೈಗರ್ ಜಿಂದಾ ಹೈ’ ಚಿತ್ರದ ಕೊನೆಯ ಹಾಡು ‘ಸ್ವ್ಯಾಗ್ ಸೆ ಸ್ವಾಗತ್’. ಎರಡೂವರೆ ಗಂಟೆ ಗುಂಡು ಹಾರಿಸಿ, ಆಸ್ಪತ್ರೆಯೊಂದನ್ನು ಉಡಾಯಿಸಿ, ಜನ ಸೀಟಿನ ಕೆಳಗೆ ಕಾಲಲ್ಲಿ ಚಪ್ಪಲಿ ತಡಕಾಡುವ ಹೊತ್ತಿಗೆ ಸ್ವಾಗತ. ಯಾರಿಗೆ? ಬಾಗಿಲ ಕಡೆ ಮುಖ ಮಾಡಿದವರಿಗೆ.

ಕತೆ ನಡೆಯುವುದು ಇರಾಕಿನಲ್ಲಿ. ಹಾಡು ನಡೆಯುವುದು ಗ್ರೀಸಿನ ಸಮುದ್ರದ ಪಕ್ಕ. ಅಲ್ಲಿ ಧೂಳು, ಹೊಗೆ, ರಕ್ತ. ಇಲ್ಲಿ ನೀಲಿ ನೀರು, ಬಿಳಿ ಗೋಡೆ, ಸಾಲುಗಟ್ಟಿದ ವಿದೇಶಿ ನರ್ತಕರು. ನಾಯಕನ ಮೈಮೇಲೆ ಒಂದು ತರಚು ಗಾಯವಿಲ್ಲ. ಸೋಪಿನ ಪುಡಿಯ ಜಾಹೀರಾತಿನವರೂ ಕಲೆ ಇಷ್ಟು ಬೇಗ ಹೋಗುತ್ತದೆ ಎಂದು ಸುಳ್ಳು ಹೇಳಲು ಹಿಂಜರಿಯುತ್ತಾರೆ.

ಇದಕ್ಕೆ ಅವರಿಟ್ಟ ಹೆಸರು ‘ಎಂಡ್ ಕ್ರೆಡಿಟ್ ಸಾಂಗ್’. ನಾನು ‘ಶುದ್ಧೀಕರಣ’ ಎನ್ನುತ್ತೇನೆ. ಹೆಣ ನೋಡಿ ಬಂದರೆ ನಮ್ಮ ಮನೆಗಳಲ್ಲಿ ಬಚ್ಚಲಲ್ಲಿ ನೀರು ಸುರಿದುಕೊಂಡು ಒಳಗೆ ಬರಬೇಕಿತ್ತು. ಈಗ ನೀರಿಗೆ ಬರ. ಅದಕ್ಕೇ ಹಾಡು.

ಆ ಚಿತ್ರದ ಕೊನೆಯಲ್ಲಿ ನಮ್ಮನ್ನು ಗಾಬರಿಪಡಿಸುವ ಒಂದು ಪ್ರಯತ್ನವೂ ಇದೆ. ಆಸ್ಪತ್ರೆ ಸಿಡಿಯುತ್ತದೆ. ನಾಯಕ ಸತ್ತ ಎಂದು ಎಲ್ಲರೂ ನಂಬುತ್ತಾರೆ. ನಾವೂ ನಂಬಬೇಕಂತೆ. ಚಿತ್ರದ ಹೆಸರೇ ‘ಹುಲಿ ಬದುಕಿದೆ’! ಸಾಲದ್ದಕ್ಕೆ ಅದೇ ಹುಲಿ ಗ್ರೀಸಿನಲ್ಲಿ ಸೊಂಟ ಕುಣಿಸುವುದನ್ನು ಒಂದು ತಿಂಗಳ ಮುಂಚೆ ನವೆಂಬರಿನಲ್ಲೇ ಯೂಟ್ಯೂಬಿಗೆ ಬಿಟ್ಟಿದ್ದಾರೆ. ಕೋಟಿಗಟ್ಟಲೆ ಜನ ನೋಡಿಯಾಗಿದೆ. ಮದುವೆ ಮನೆಗಳಲ್ಲಿ ಬೀಗರೂ ಅದಕ್ಕೆ ಕುಣಿದಾಗಿದೆ. ಈಗ ಬಂದು, ಅಯ್ಯೋ ಪಾಪ, ಸತ್ತನೋ ಏನೋ ಎನ್ನುತ್ತೀರಿ.

ಕೊನೆಯ ಹಾಡು ಚಿತ್ರದ ಕೊನೆಗೆ ಮಾಡುವ ಮೊದಲ ಉಪಕಾರ ಇದು. ಕೊನೆಯನ್ನೇ ತಿಂದುಹಾಕುತ್ತದೆ. ಕುಣಿತಕ್ಕೆ ಕಾಲ್‌ಶೀಟ್ ಕೊಟ್ಟವನು ಕ್ಲೈಮ್ಯಾಕ್ಸಿನಲ್ಲಿ ಸಾಯುವುದು ಹೇಗೆ? ಬಜೆಟ್ ಒಪ್ಪುವುದಿಲ್ಲ.

ಹುಲಿ ಬದುಕಿದೆ ಎಂಬ ಸುದ್ದಿ ಫೋನಿನಲ್ಲಿ ತಲುಪುವುದು ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಶೆಣೈ ಅವರಿಗೆ. ಆ ಪಾತ್ರ ಮಾಡಿದವರು ಗಿರೀಶ ಕಾರ್ನಾಡರು. ಕನ್ನಡದವನಾದ ನನಗೆ ಎದೆ ಒಂದು ಗಳಿಗೆ ಹಿಂಡಿತು. ಕಾರ್ನಾಡರ ಮೇಲೆ ಸಿಟ್ಟಲ್ಲ. ನಟನೆ ಅವರ ಕಸುಬು, ಮಾಡಿದರು. ಆದರೆ ಅದೇ ಮನುಷ್ಯ 1964ರಲ್ಲಿ ‘ತುಘಲಕ್’ ಬರೆದಿದ್ದರು. ಅಲ್ಲೂ ಹೆಣಗಳ ರಾಶಿ. ಅಲ್ಲೂ ದೊಡ್ಡ ದೊಡ್ಡ ಮಾತಾಡುವ ಒಬ್ಬ ನಾಯಕ. ಕೊನೆಗೆ ಸುಲ್ತಾನ ಸಿಂಹಾಸನದ ಮೇಲೆಯೇ ತೂಕಡಿಸುತ್ತಾನೆ. ನಮಾಜಿನ ಕರೆಗೆ ಎಚ್ಚೆತ್ತು, ಎಲ್ಲಿದ್ದೇನೆಂದು ತಿಳಿಯದವನಂತೆ ದಿಗಿಲಿನಿಂದ ಸುತ್ತ ನೋಡುತ್ತಾನೆ. ಮುಗಿಯಿತು.

ಅವನನ್ನು ಯಾರೂ ಗ್ರೀಸಿಗೆ ಕರೆದೊಯ್ಯಲಿಲ್ಲ.

ಈಗ ಇರಾಕಿನ ವಿಷಯಕ್ಕೆ ಬರುತ್ತೇನೆ. ಚಿತ್ರದವರು ಬರಲಿಲ್ಲ.

2014ರಲ್ಲಿ ತಿಕ್ರಿತ್‌ನ ಆಸ್ಪತ್ರೆಯಲ್ಲಿ ಉಗ್ರರ ನಡುವೆ ಸಿಕ್ಕಿಬಿದ್ದ 46 ಮಂದಿ ಭಾರತೀಯ ದಾದಿಯರು, ಬಹುತೇಕ ಕೇರಳದವರು, ಜುಲೈ 5ರಂದು ವಿಶೇಷ ವಿಮಾನದಲ್ಲಿ ಕೊಚ್ಚಿಗೆ ಬಂದಿಳಿದರು. ಚಿತ್ರಕ್ಕೆ ಬೀಜ ಅದೇ ಘಟನೆ. ಆ ಬಿಡುಗಡೆಗಾಗಿ ಭಾರತ ಒಂದು ಗುಂಡನ್ನೂ ಹಾರಿಸಲಿಲ್ಲ. ಫೋನು, ಓಡಾಟ, ಮಾತುಕತೆ, ಕಾಯುವಿಕೆ. ಅಷ್ಟರಿಂದಲೇ ಆಯಿತು. ಇದನ್ನು ತೆರೆಯ ಮೇಲೆ ತೋರಿಸಿದರೆ ಶಿಳ್ಳೆ ಬೀಳುವುದಿಲ್ಲ. ಫೈಲು ಹಿಡಿದ ಅಧಿಕಾರಿಗೆ ಯಾರು ಹಾಡು ಬರೆಯುತ್ತಾರೆ?

ಬಂದಿಳಿದ ದಾದಿಯರಿಗೆ ಏನಾಗಿತ್ತು ಗೊತ್ತೆ? ಸಾಲವಾಗಿತ್ತು. ನರ್ಸಿಂಗ್ ಓದಿದ ಸಾಲ, ಏಜೆಂಟನಿಗೆ ಕೊಟ್ಟ ದುಡ್ಡಿನ ಸಾಲ. ಹಲವರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ. ಸಾಲದ ಹೆದರಿಕೆಗೇ ಊರಿಗೆ ಮರಳಲು ಹಿಂಜರಿದವರಿದ್ದರು. ಉಗ್ರನ ಕೈಯಿಂದ ಬಿಡಿಸಲು ಹುಲಿ ಬಂದೀತು. ಬ್ಯಾಂಕಿನ ಕೈಯಿಂದ ಬಿಡಿಸಲು ಯಾವ ಪ್ರಾಣಿ ಬರುತ್ತದೆ? ಇದೇ ಘಟನೆಯ ಮೇಲೆ 2017ರಲ್ಲೇ ಮಹೇಶ್ ನಾರಾಯಣನ್ ಮಲಯಾಳದಲ್ಲಿ ‘ಟೇಕ್ ಆಫ್’ ಮಾಡಿದರು. ಅಲ್ಲಿ ದಾದಿಯೇ ನಾಯಕಿ. ಅವಳಿಗೆ ಗಂಡ, ಮಗು, ಸಾಲ, ಸಿಟ್ಟು ಎಲ್ಲವೂ ಇವೆ. ಹಿಂದಿಯಲ್ಲಿ ದಾದಿಯರು ಬಸ್ಸಿನೊಳಗಿನ ಸಾಮಾನು. ಹತ್ತಿಸಬೇಕು, ಇಳಿಸಬೇಕು. ಸಾಮಾನು ಇಳಿಸಿಯಾದ ಮೇಲೆ ಕುಣಿಯಬೇಕು.

ಇನ್ನೂ ಒಂದು ಲೆಕ್ಕ ಉಳಿದಿದೆ.

2014ರ ಜೂನಿನಲ್ಲಿ, ಅದೇ ಇರಾಕಿನ ಮೊಸುಲ್‌ನಲ್ಲಿ, 40 ಮಂದಿ ಭಾರತೀಯ ಕೂಲಿಗಳನ್ನು ಉಗ್ರರು ಹಿಡಿದೊಯ್ದರು. ಹೆಚ್ಚಿನವರು ಪಂಜಾಬಿನವರು. ಒಬ್ಬ ತಪ್ಪಿಸಿಕೊಂಡು ಬಂದ. ಉಳಿದವರನ್ನು ನನ್ನ ಕಣ್ಣೆದುರೇ ಕೊಂದರು ಎಂದ. ಸರ್ಕಾರ ಒಪ್ಪಲಿಲ್ಲ. ಪುರಾವೆ ಸಿಗುವ ತನಕ ಸತ್ತರೆಂದು ಹೇಳುವುದಿಲ್ಲ ಎಂದಿತು. ಮನೆಯವರು ಕಾದರು. ಒಂದು ವರ್ಷ, ಎರಡು ವರ್ಷ, ಮೂರು ವರ್ಷ.

ಚಿತ್ರ ತೆರೆಗೆ ಬಂದ ದಿನವೂ ಕಾಯುತ್ತಿದ್ದರು.

2018ರ ಮಾರ್ಚ್ 20ರಂದು ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ರಾಜ್ಯಸಭೆಯಲ್ಲಿ ಎದ್ದು ನಿಂತು ಹೇಳಿದರು: 39 ಮಂದಿಯೂ ಸತ್ತಿದ್ದಾರೆ. ಬದೂಶ್ ಎಂಬಲ್ಲಿ ಒಂದು ದಿಬ್ಬ ಅಗೆದಾಗ ಹೆಣಗಳು ಸಿಕ್ಕವು. ಡಿಎನ್‌ಎ ಹೊಂದಿಸಿ ಗುರುತು ಹಿಡಿದರು. ಹುಲಿ ಸಮುದ್ರದ ಪಕ್ಕ ಕುಣಿದು ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ, ಎರಡು ದಿನ ಕಮ್ಮಿ ಇತ್ತು.

ಇರಾಕಿನಿಂದ ಎರಡು ಸುದ್ದಿ ಬಂದಿದ್ದವು. ಒಂದರಲ್ಲಿ ಜನ ಬದುಕಿದ್ದರು. ಅದನ್ನೇ ಹೆಕ್ಕಿಕೊಂಡರು. ತಪ್ಪೇನಿಲ್ಲ, ವ್ಯಾಪಾರ. ಆದರೆ ‘ನೈಜ ಘಟನೆಯಿಂದ ಪ್ರೇರಿತ’ ಎಂಬ ಮಾತಿನ ಅರ್ಥ ನನಗೆ ಆವತ್ತು ಗೊತ್ತಾಯಿತು. ಘಟನೆಯಲ್ಲಿ ಕುಣಿಯಲು ಬರುವ ಭಾಗ ಎಷ್ಟೋ ಅಷ್ಟು ನೈಜ.

ಇದೆಲ್ಲ ಮನೆಯಲ್ಲಿ ಹೇಳಿದೆ. ತಮ್ಮನ ಮಗ ಫೋನಿನಿಂದ ತಲೆ ಎತ್ತದೆ ಉತ್ತರ ಕೊಟ್ಟ. “ದೊಡ್ಡಪ್ಪ, ಸಿನಿಮಾ ಅಷ್ಟೇ. ಜನ ಖುಷಿಯಾಗಿ ಮನೆಗೆ ಹೋಗಬೇಕಲ್ವಾ?”

ಹೋಗಬೇಕು. ಖುಷಿಯಾಗಿಯೇ ಹೋಗಬೇಕು. ನನ್ನ ತಕರಾರು ಖುಷಿಯ ಮೇಲಲ್ಲ. ಇದೇ ಚಿತ್ರ ಎರಡೂವರೆ ಗಂಟೆ ನನಗೆ ಗಂಭೀರವಾಗಿರು, ದೇಶ ಅಪಾಯದಲ್ಲಿದೆ, ಕಣ್ಣೀರು ಹಾಕು ಎಂದಿತ್ತು. ಹಾಕಿದೆ. ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ಮೊಣಕೈಯಲ್ಲಿ ತಿವಿದು, ಏಳೋ, ಸುಮ್ಮನೆ ತಮಾಷೆ ಮಾಡಿದ್ದು ಎನ್ನುತ್ತಿದೆ. ಹಾಗಾದರೆ ಮೊದಲೇ ಹೇಳಬೇಕಿತ್ತು. ಕರ್ಚೀಫಾದರೂ ಉಳಿಯುತ್ತಿತ್ತು.

ಕಾಲವನ್ನೂ ಗಮನಿಸಿ. 2016ರ ನವೆಂಬರ್ 30ರ ಸುಪ್ರೀಂ ಕೋರ್ಟ್ ಆದೇಶದಂತೆ ಆಗ ಪ್ರತಿ ಚಿತ್ರಮಂದಿರದಲ್ಲೂ ರಾಷ್ಟ್ರಗೀತೆ ಕಡ್ಡಾಯ. ಅದು ಕಡ್ಡಾಯವಲ್ಲ ಎಂದಾದದ್ದು 2018ರ ಜನವರಿ 9ರಂದು. ಅಂದರೆ ಚಿತ್ರವನ್ನು ಬಿಡುಗಡೆಯ ವಾರ ನೋಡಿದವರು 52 ಸೆಕೆಂಡು ನೆಟ್ಟಗೆ ನಿಂತು ಶುರು ಮಾಡಿದ್ದರು. ಮೈ ಅಲ್ಲಾಡಿದರೆ ದೇಶದ್ರೋಹಿ. ಕೊನೆಯ ಹಾಡಿಗೆ ಮೈ ಅಲ್ಲಾಡದಿದ್ದರೆ ರಸಿಕನಲ್ಲ. ನಡುವೆ ಪಾಪ್‌ಕಾರ್ನ್.

ಹಳಬರಿಗೆ ನೆನಪಿರಬಹುದು. ಚೀನಾ ಯುದ್ಧದ ನಂತರದ ವರ್ಷಗಳಲ್ಲಿ ರಾಷ್ಟ್ರಗೀತೆ ಹಾಕುತ್ತಿದ್ದುದು ಸಿನಿಮಾ ಮುಗಿದ ಮೇಲೆ. ಜನ ನಿಲ್ಲುತ್ತಿರಲಿಲ್ಲ. ಬಸ್ಸು ತಪ್ಪುತ್ತದೆ ಎಂದು ಬಾಗಿಲಿಗೆ ಓಡುತ್ತಿದ್ದರು. ಆ ಪದ್ಧತಿಯೇ ನಿಂತುಹೋಯಿತು. ಅಂದರೆ ಚಿತ್ರದ ಕೊನೆಯ ಮೂರು ನಿಮಿಷ ಈ ದೇಶದ ಪ್ರಜೆ ಏನಕ್ಕೂ ಕಾಯುವುದಿಲ್ಲ ಎಂದು ಅಂದೇ ರುಜುವಾತಾಗಿತ್ತು. ದೇಶಕ್ಕಾಗಿ ನಿಲ್ಲದವನು ಹುಲಿಯ ಜೊತೆ ಕುಣಿಯುವ ನಾಯಕಿ ಕತ್ರೀನಾಗಾಗಿ ನಿಂತ. ಕಂಡುಹಿಡಿದವನಿಗೆ ಪದ್ಮಶ್ರೀ ಕೊಡಬೇಕು.

ಕೊನೆಯ ಹಾಡು ಒಂದು ಚಿತ್ರದ ಕತೆಯಲ್ಲ, ಆ ನಿರ್ಮಾಣ ಸಂಸ್ಥೆಯ ಮನೆತನದ ಪದ್ಧತಿ. 2012ರ ‘ಏಕ್ ಥಾ ಟೈಗರ್’ ಮುಗಿದದ್ದು ‘ಮಾಶಾಲ್ಲಾ’ ಹಾಡಿನಲ್ಲಿ. 2023ರ ‘ಪಠಾಣ್’ನಲ್ಲಿ ಸಿಡುಬಿನ ವೈರಾಣುವಿನಿಂದ ದೆಹಲಿಯನ್ನು ಉಳಿಸಿ, ಸ್ಪೇನಿಗೆ ಹೋಗಿ ಕುಣಿದರು. ದೇಶ ಉಳಿಸಿದವರಿಗೆ ದೇಶದಲ್ಲಿ ಕುಣಿಯಲು ಜಾಗವಿಲ್ಲವೇ? ಇದ್ದೀತು. ಆದರೆ ಇಲ್ಲಿ ಸಮುದ್ರದ ದಂಡೆಯಲ್ಲಿ ಜನ ಇರುತ್ತಾರೆ. ಅವರಿಗೂ ಹೊಟ್ಟೆ ಬಟ್ಟೆ ಇರುತ್ತದೆ. ಫ್ರೇಮು ಹಾಳು.

ಈಗ ಸಂಪ್ರದಾಯವಾದಿಗಳು ಎದ್ದು ನಿಲ್ಲುತ್ತಾರೆ. ನಮ್ಮಲ್ಲಿ ಮಂಗಳ ಹಾಡದೆ ಯಾವ ಆಟ ಮುಗಿದಿದೆ ಸ್ವಾಮಿ? ಹರಿಕತೆಗೆ ಮಂಗಳ, ಯಕ್ಷಗಾನಕ್ಕೆ ಮಂಗಳ, ಸಂಸ್ಕೃತ ನಾಟಕಕ್ಕೆ ಭರತವಾಕ್ಯ. ಇದೂ ಅದೇ ಅಲ್ಲವೆ?

ಅಲ್ಲ. ಭರತವಾಕ್ಯ ಮಳೆ ಕೇಳುತ್ತದೆ, ಬೆಳೆ ಕೇಳುತ್ತದೆ, ರಾಜ ನೆಟ್ಟಗಿರಲಿ ಎಂದು ಕೇಳುತ್ತದೆ. ಕೂತು ನೋಡಿದವರಿಗಾಗಿ ಕೇಳುತ್ತದೆ. ಇವರ ಹಾಡು ನಮಗಾಗಿ ಏನು ಕೇಳುತ್ತದೆ? ಸಬ್‌ಸ್ಕ್ರೈಬ್ ಮಾಡಿ ಎನ್ನುತ್ತದೆ.

ಯಕ್ಷಗಾನದ ಮಾತು ಬಂದರೆ ಇನ್ನೂ ಕಷ್ಟ. ಅಲ್ಲಿ ರಾಕ್ಷಸನಿಗೂ ಒಡ್ಡೋಲಗ ಇದೆ. ಮುಖಕ್ಕೆ ಚುಟ್ಟಿ ಇಡಲು ಬಣ್ಣದ ವೇಷದವನು ಗಂಟೆಗಟ್ಟಲೆ ಚೌಕಿಯಲ್ಲಿ ಕೂರುತ್ತಾನೆ. ಅವನಿಗೆ ಪದವಿದೆ, ಅರ್ಥವಿದೆ, ಆರ್ಭಟವಿದೆ. ಸಾಯುವ ಮುಂಚೆ ಅವನು ಯಾರೆಂದು ನಮಗೆ ಗೊತ್ತಾಗಿರುತ್ತದೆ. ಬೆಳಗಿನ ಜಾವದ ಮಂಗಳ ಅವನನ್ನೂ ಸೇರಿಸಿಕೊಂಡೇ ಆಗುತ್ತದೆ. ಆ್ಯಕ್ಷನ್ ಚಿತ್ರದಲ್ಲಿ ಮೆಷಿನ್ ಗನ್ನಿಗೆ ಉದುರುವ ನೂರಾರು ಜನರಿಗೆ ಹೆಸರಿಲ್ಲ, ಮುಖವಿಲ್ಲ, ಕೆಲವರಿಗೆ ಪೂರ್ತಿ ದೇಹವೂ ಇಲ್ಲ. ಮಂಗಳ ಹಾಡಲು ಮೊದಲು ಆಟ ಆಗಿರಬೇಕಲ್ಲ. ಇಲ್ಲಿ ಆಗಿರುವುದು ಬೇಟೆ.

ಹಡಗು ಹತ್ತಿ ದೂರ ಹೋಗುವವರಿಗೂ ಒಂದು ಉದಾಹರಣೆ ಕೊಡುತ್ತೇನೆ. 1599ರಲ್ಲಿ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಲಂಡನ್ನಿನಲ್ಲಿ ಜೂಲಿಯಸ್ ಸೀಸರನ ನಾಟಕ ನೋಡಿದ. ಎಲ್ಲ ಸತ್ತ ಮೇಲೆ ನಟರೇ ಎದ್ದು, ಇಬ್ಬರು ಗಂಡಿನ ಉಡುಪಿನಲ್ಲಿ, ಇಬ್ಬರು ಹೆಣ್ಣಿನ ಉಡುಪಿನಲ್ಲಿ, ಸೊಗಸಾಗಿ ಕುಣಿದರು ಎಂದು ಬರೆದಿಟ್ಟ. ಅಂದರೆ ರೋಗ ಹಳೆಯದು. 1612ರಲ್ಲಿ ಮಿಡ್ಲ್‌ಸೆಕ್ಸಿನ ನ್ಯಾಯಾಧಿಕಾರಿಗಳು ನಾಟಕದ ಕೊನೆಯ ಕುಣಿತವನ್ನು ನಿಲ್ಲಿಸಿ ಎಂದು ಆಜ್ಞೆ ಹೊರಡಿಸಿದರು. ಕಾರಣ, ಆ ಹೊತ್ತಿಗೆ ಸರಿಯಾಗಿ ಜೇಬುಗಳ್ಳರು ಬಂದು ಸೇರುತ್ತಿದ್ದರು. ನಮ್ಮಲ್ಲಿ ಆ ಭಯವಿಲ್ಲ. ಜೇಬು ಟಿಕೆಟ್ ಕೌಂಟರಿನಲ್ಲೇ ಖಾಲಿಯಾಗಿರುತ್ತದೆ.

ದಕ್ಷಿಣದವರು ಸಾಚಾ ಎಂದುಕೊಳ್ಳಬೇಡಿ. 2022ರ ‘ಆರ್‌ಆರ್‌ಆರ್’ ನೋಡಿ. ಅಲ್ಲೂರಿ ಸೀತಾರಾಮ ರಾಜು ಮತ್ತು ಕೊಮರಂ ಭೀಮ್ ಇಬ್ಬರೂ ನಿಜವಾಗಿ ಬದುಕಿದ್ದವರು. ಅದಕ್ಕಿಂತ ಮುಖ್ಯವಾಗಿ, ನಿಜವಾಗಿ ಸತ್ತವರು. ರಾಜುವನ್ನು 1924ರಲ್ಲಿ ಬ್ರಿಟಿಷರು ಗುಂಡಿಕ್ಕಿ ಕೊಂದರು. ನಿಜಾಮನ ಆಡಳಿತದ ವಿರುದ್ಧ ನಿಂತ ಭೀಮ್ 1940ರಲ್ಲಿ ಕಾಡಿನಲ್ಲೇ ಸತ್ತ. ಚಿತ್ರದಲ್ಲಿ ಇಬ್ಬರೂ ಬದುಕುತ್ತಾರೆ. ಬದುಕಿ ಏನು ಮಾಡುತ್ತಾರೆ? ಭೀಮ್ ಗೆಳೆಯನ ಬಳಿ ಅಕ್ಷರ ಕೇಳುತ್ತಾನೆ. ಇಡೀ ಚಿತ್ರದಲ್ಲಿ ನನ್ನ ಗಂಟಲು ಕಟ್ಟಿದ ಗಳಿಗೆ ಅದೊಂದೇ. ಕಟ್ಟಿದ್ದು ಬಿಡುವ ಮುಂಚೆ ಇಬ್ಬರೂ ಬಣ್ಣದ ಬಟ್ಟೆ ಹಾಕಿಕೊಂಡು ಕುಣಿಯುತ್ತಿದ್ದರು. ಮೂರು ಗಂಟೆಯಲ್ಲಿ ಬೆರಳೆಣಿಕೆಯ ದೃಶ್ಯಗಳಿಗೆ ಬಂದು ಹೋದ ನಾಯಕಿಗೂ ಅಲ್ಲಿ ಮುಂದಿನ ಸಾಲು ಸಿಕ್ಕಿತು. ಕಡೆಗೆ ನಿರ್ದೇಶಕರೂ ಬಂದು ಹೆಜ್ಜೆ ಹಾಕಿದರು.

ಆ ಹಾಡಿನಲ್ಲಿ ಸ್ವಾತಂತ್ರ್ಯ ವೀರರ ಪಟಗಳೂ ಇವೆ. ಬೋಸ್ ಇದ್ದಾರೆ, ಪಟೇಲ್ ಇದ್ದಾರೆ, ಭಗತ್ ಸಿಂಗ್ ಇದ್ದಾರೆ. ತಮಿಳುನಾಡಿಗೆ ಚಿದಂಬರಂ ಪಿಳ್ಳೈ, ಕೇರಳಕ್ಕೆ ಪಳಶ್ಶಿ ರಾಜ, ಆಂಧ್ರಕ್ಕೆ ಟಂಗುಟೂರಿ ಪ್ರಕಾಶಂ, ಮಹಾರಾಷ್ಟ್ರಕ್ಕೆ ಶಿವಾಜಿ. ವಿತರಣೆ ಹಕ್ಕು ಹಂಚಿದಂತೆಯೇ ವೀರರನ್ನೂ ಪ್ರದೇಶವಾರು ಹಂಚಿದ್ದಾರೆ. ಗಾಂಧಿ ಇಲ್ಲ. ಅವರಿಗೆ ಕೋಲಿತ್ತು, ಆದರೆ ಕೋಲಾಟ ಬರುತ್ತಿರಲಿಲ್ಲ.

ನಮ್ಮ ಪಾಲಿಗೆ ಕಿತ್ತೂರು ಚೆನ್ನಮ್ಮ. ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ನಾನೂ ಹೊಡೆದೆ, ಸುಳ್ಳೇಕೆ. ಕೆಲವು ಸೆಕೆಂಡು ಇದ್ದಳು, ಹೋದಳು. 1824ರಲ್ಲಿ ಕಂಪನಿಯ ಪಡೆಯನ್ನು ಸೋಲಿಸಿ, ಕಲೆಕ್ಟರ್ ಥ್ಯಾಕರೆ ಹೆಣವಾಗಿ ಬೀಳುವುದನ್ನು ಕಂಡ ಆ ಹೆಂಗಸು ಕೊನೆಯ ವರ್ಷಗಳನ್ನು ಕಳೆದದ್ದು ಬೈಲಹೊಂಗಲದ ಕೋಟೆಯಲ್ಲಿ, ಸೆರೆಯಾಳಾಗಿ. 1829ರಲ್ಲಿ ಅಲ್ಲೇ ಸತ್ತಳು. ಅವಳಿಗಾಗಿ ಕಾದಾಡಿದ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಆ ಕತೆಗೆ ಎಂಡ್ ಕ್ರೆಡಿಟ್ ಸಾಂಗ್ ಇರಲಿಲ್ಲ. ಲಾವಣಿ ಇತ್ತು. ಅದನ್ನು ಹಾಡಿದವರು ಅಳುತ್ತಲೇ ಹಾಡಿದರು, ಕೇಳಿದವರು ಕೂತಲ್ಲೇ ಕೂತು ಕೇಳಿದರು.

ಸಾವಿನ ಬೆನ್ನಿಗೇ ಕುಣಿಯುವ ಪಾಠವನ್ನು ಮಕ್ಕಳು ನಮಗಿಂತ ಚೆನ್ನಾಗಿ ಕಲಿತಿದ್ದಾರೆ. ಹೋದ ವರ್ಷ ಒಂದು ಶಾಲೆಯ ವಾರ್ಷಿಕೋತ್ಸವ. ಪುಟ್ಟ ಪುಟ್ಟ ಸೈನಿಕರು ಪ್ಲಾಸ್ಟಿಕ್ ಬಂದೂಕು ಹಿಡಿದು ಪುಟ್ಟ ಪುಟ್ಟ ಉಗ್ರರನ್ನು ಕೊಂದರು. ಬಾವುಟ ಏರಿತು. ತಾಯಂದಿರು ಕಣ್ಣೊರೆಸಿಕೊಂಡರು. ತಕ್ಷಣ ಡಿಜೆ. ಸತ್ತು ಬಿದ್ದಿದ್ದ ನಾಲ್ಕನೇ ಕ್ಲಾಸಿನ ಉಗ್ರ ದಡಕ್ಕನೆ ಎದ್ದು, ಗಡ್ಡ ಕಿತ್ತು ಜೇಬಿಗೆ ಹಾಕಿಕೊಂಡು, ಮೊದಲ ಸಾಲಿನಲ್ಲಿ ನಿಂತು ಎಲ್ಲರಿಗಿಂತ ಚೆನ್ನಾಗಿ ಕುಣಿದ. ಹುಡುಗನಿಗೆ ಮುಂದೆ ಒಳ್ಳೆಯ ಭವಿಷ್ಯವಿದೆ.

ಕೊನೆಯ ಹಾಡನ್ನು ಸಮರ್ಥಿಸುವವರ ಬತ್ತಳಿಕೆಯಲ್ಲಿ ಒಂದು ಬಾಣ ಉಳಿದಿದೆ. ಹಾಡು ಇದ್ದರೆ ಜನ ಕೂರುತ್ತಾರೆ, ಕೂತರೆ ತೆರೆಯ ಹಿಂದೆ ದುಡಿದವರ ಹೆಸರು ಓದುತ್ತಾರೆ ಎನ್ನುತ್ತಾರೆ. ಎಷ್ಟು ಒಳ್ಳೆಯ ಮನಸ್ಸು! ಪಕ್ಕದಲ್ಲಿ ನಾಯಕ ಸೊಂಟ ತಿರುಗಿಸುವಾಗ ಮೂಲೆಯಲ್ಲಿ ಇರುವೆ ಸಾಲಿನಂತೆ ಹರಿಯುವ ಅಕ್ಷರಗಳನ್ನು ಓದುವ ಮಹಾನುಭಾವ ಯಾರು? ಫೈಟರ್ ಯಾರು, ಬಿದ್ದವನು ಯಾರು, ಬೆಂಕಿ ಹಚ್ಚಿಕೊಂಡವನು ಯಾರು, ಯಾರಿಗೆ ಬೇಕು?

2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿ ಗುಡಿ’ ಎಂಬ ಕನ್ನಡ ಚಿತ್ರದ ಕ್ಲೈಮ್ಯಾಕ್ಸ್ ಶೂಟಿಂಗ್ ನಡೆದಿತ್ತು. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ಬದುಕಿ ಬಂದರು. ಖಳರ ಪಾತ್ರದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಚಿತ್ರದಲ್ಲಿ ಖಳರು ಸಾಯಬೇಕು, ನಿಜ. ಕ್ಯಾಮೆರಾ ಓಡುತ್ತಿರುವಾಗಲೇ ಸಾಯಬೇಕು ಎಂದು ಯಾರೂ ಬರೆದಿರಲಿಲ್ಲ. ಮುಂದಿನ ಮೇ ತಿಂಗಳಲ್ಲಿ ಚಿತ್ರ ತೆರೆ ಕಂಡಿತು.

ಆ ಇಬ್ಬರನ್ನು ನೆನೆದು ಈಚೆಗೆ ನನಗೊಂದು ಹಟ. ಆ್ಯಕ್ಷನ್ ಚಿತ್ರ ಯಾವುದೇ ಇರಲಿ, ಕೊನೆಯ ಹಾಡು ಬಂದಾಗ ಕುಣಿಯುವವರನ್ನು ನೋಡುವುದಿಲ್ಲ. ಮೂಲೆಯ ಇರುವೆ ಸಾಲಿಗೆ ಕಣ್ಣು ಕೀಲಿಸಿ ಹೆಸರು ಓದುತ್ತೇನೆ.

ಮೊನ್ನೆ ಒಂದು ಮಲ್ಟಿಪ್ಲೆಕ್ಸಿನಲ್ಲಿ ಹಾಗೇ ಕೂತಿದ್ದೆ. ಹಾಡು ಅರ್ಧ ಆಗಿರಲಿಲ್ಲ, ಬಾಗಿಲು ತೆರೆದರು. ಜನ ಭುಜ ಕುಣಿಸುತ್ತಾ ಮೆಟ್ಟಿಲಿಳಿದರು. ಪೊರಕೆ, ಮೊರದಂಥ ಡಬ್ಬ ಹಿಡಿದ ಇಬ್ಬರು ಹೆಂಗಸರು ಒಳಗೆ ಬಂದರು. ಒಬ್ಬಾಕೆ ನನ್ನ ಸಾಲಿಗೆ ಬಂದು ನಿಂತಳು. “ಏಳಿ ಸಾರ್, ಮುಂದಿನ ಶೋ ಐತೆ.” ಒಂದೇ ನಿಮಿಷ ತಾಯಿ ಎಂದೆ. ಫೈಟರುಗಳ ಹೆಸರು ಮುಗಿದಿತ್ತು. ಡ್ರೈವರುಗಳ ಹೆಸರು ಮುಗಿದಿತ್ತು. ಲೈಟ್ ಬಾಯ್‌ಗಳ ಪಟ್ಟಿ ಆಗಷ್ಟೇ ಶುರುವಾಗಿತ್ತು. ಅದನ್ನು ಓದಲಾಗಲಿಲ್ಲ.

ಲೈಟು ಹಾಕಿಬಿಟ್ಟರು.